ಶ್ರೀಮಂತವಾದ ಮೇಲೂ ದೇಶಗಳಿಗೆ ವಿದೇಶಿ ನೆರವು ಯಾಕೆ?

ಪ್ರಶ್ನೆ

ಚಂದ್ರನ ಮೇಲೆ ನೌಕೆ ಇಳಿಸಿದ ಚೀನಾ ಇನ್ನೂ ನೆರವು ಪಡೆಯುವವರ ಪಟ್ಟಿಯಲ್ಲಿದೆ. ಇಸ್ರೇಲ್ ಶ್ರೀಮಂತ ದೇಶ, ಆದರೂ ಅಮೆರಿಕದಿಂದ ವರ್ಷಕ್ಕೆ 380 ಕೋಟಿ ಡಾಲರ್ ಹೋಗುತ್ತದೆ. ಇದನ್ನು ನಿಲ್ಲಿಸಲು ನಿಯಮವಿದೆಯೇ, ಇಲ್ಲ ಕೊಡುವವರ ಮರ್ಜಿಯೇ? ನಿಲ್ಲಿಸುವುದಾದರೆ ಹೇಗೆ ನಿಲ್ಲಿಸಬೇಕು?

ಉತ್ತರ 1

ನಿಯಮ ಇದೆ. ಪಟ್ಟಿ ಇಟ್ಟುಕೊಂಡಿರುವುದು ಒಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಕೂಟದ ಅಭಿವೃದ್ಧಿ ನೆರವು ಸಮಿತಿ, ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ತಲಾ ಆದಾಯ ಸತತ ಮೂರು ವರ್ಷ ವಿಶ್ವಬ್ಯಾಂಕಿನ 'ಹೆಚ್ಚಿನ ಆದಾಯ'ದ ಗೆರೆ ದಾಟಿದರೆ ಹೆಸರು ಹೋಗುತ್ತದೆ. 2023ರ ಆದಾಯಕ್ಕೆ ಆ ಗೆರೆ 14,005 ಡಾಲರ್ ಇತ್ತು. ಚಿಲಿ, ಉರುಗ್ವೆ, ಸೇಶೆಲ್ಸ್ 2018ರಲ್ಲಿ ಹೊರಬಿದ್ದವು. ಚೀನಾ ಗೆರೆಯ ಹತ್ತಿರ ಬಂದಿದೆ, ಆದರೆ 2024ರ ಲೆಕ್ಕದಲ್ಲೂ ದಾಟಿರಲಿಲ್ಲ. ಹೆಸರು ಹೋದರೆ ಕೊಡಬಾರದು ಅಂತಲ್ಲ, ಕೊಟ್ಟದ್ದನ್ನು ಅಧಿಕೃತ ನೆರವಿನ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ ಅಷ್ಟೇ.

ಚೀನಾದ ಅಂಕಿಯನ್ನು ಬಿಡಿಸಿ ನೋಡಿ. ಜರ್ಮನಿ ತೋರಿಸುವ ಮೊತ್ತದಲ್ಲಿ ದೊಡ್ಡ ಪಾಲು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಓದುವ ಚೀನೀ ವಿದ್ಯಾರ್ಥಿಗಳ ಮೇಲಿನ ಖರ್ಚು. ಆ ದುಡ್ಡು ಜರ್ಮನಿಯ ಗಡಿಯನ್ನೇ ದಾಟಿಲ್ಲ! ಇಂಥದ್ದನ್ನು ನೆರವು ಎಂದು ಬರೆದುಕೊಳ್ಳುವುದನ್ನು ಮೊದಲು ಬಿಡಬೇಕು. ಬಡ ದೇಶದ ಬಾವಿಗೆ ಕೊಟ್ಟ ಹಣವೂ ಇದೂ ಒಂದೇ ಸಾಲಿನಲ್ಲಿ ಕೂರುವುದು ಅನ್ಯಾಯ.

ಉತ್ತರ 2

ಇಸ್ರೇಲ್‌ನದ್ದು ಬೇರೆ ಲೆಕ್ಕ. ಅದು ಸೇನಾ ನೆರವು, ಮೇಲಿನವರು ಹೇಳಿದ ಪಟ್ಟಿಯ ನಿಯಮ ಅದಕ್ಕೆ ತಾಗುವುದೇ ಇಲ್ಲ. 2016ರ ಒಪ್ಪಂದದಂತೆ 2019ರಿಂದ 2028ರವರೆಗೆ 3,800 ಕೋಟಿ ಡಾಲರ್. ಅದರಲ್ಲಿ 3,300 ಕೋಟಿ ಶಸ್ತ್ರಾಸ್ತ್ರ ಖರೀದಿಗೆ, 500 ಕೋಟಿ ಕ್ಷಿಪಣಿ ರಕ್ಷಣೆಗೆ.

ಆದರೆ ಅದೇ ದೇಶದ ಆರ್ಥಿಕ ನೆರವು ಪೂರ್ತಿ ನಿಂತಿದೆ, ನಿಲ್ಲಿಸಿದ ರೀತಿ ಗಮನಿಸಬೇಕು. ವರ್ಷಕ್ಕೆ 120 ಕೋಟಿ ಡಾಲರ್ ಇದ್ದದ್ದನ್ನು ವರ್ಷವರ್ಷವೂ 12 ಕೋಟಿಯಂತೆ ಹತ್ತು ವರ್ಷದಲ್ಲಿ ಸೊನ್ನೆಗೆ ಇಳಿಸಿದರು. ಯಾವ ವರ್ಷ ಎಷ್ಟು ಕಡಿಮೆ ಬರುತ್ತದೆ ಅಂತ ಬಜೆಟ್ ಬರೆಯುವವರಿಗೆ ಮೊದಲೇ ಗೊತ್ತಿತ್ತು. ಕೊಕ್ಕೆ ಏನೆಂದರೆ, ಕಡಿಮೆಯಾದದ್ದರ ಅರ್ಧ, ಅಂದರೆ ವರ್ಷಕ್ಕೆ 6 ಕೋಟಿ, ಸೇನಾ ನೆರವಿಗೆ ಸೇರಿತು. ನನ್ನ ಪ್ರಕಾರ ಇಳಿಸಿದ ಕ್ರಮ ಸರಿ, ಹಣ ತಿರುಗಿಸಿದ್ದು ತಪ್ಪು.

ಉತ್ತರ 3

ಅನುದಾನ ನಿಲ್ಲಬೇಕು, ಒಪ್ಪುತ್ತೇನೆ. ಎಡವುವುದು ನಿಲ್ಲುವ ಹೊತ್ತಿನಲ್ಲಿ. ಲಸಿಕೆಯನ್ನೇ ತಗೊಳ್ಳಿ. ಬಡ ದೇಶಗಳಿಗೆ ಲಸಿಕೆ ಕೊಳ್ಳಲು ನೆರವಾಗುವ ಅಂತರರಾಷ್ಟ್ರೀಯ ಸಂಸ್ಥೆ ಗಾವಿಯ ನೆರವು ಪಡೆಯುವ ದೇಶ ಆದಾಯದ ಮಿತಿ ದಾಟಿದ ಮೇಲೆ ಎಂಟು ವರ್ಷದಲ್ಲಿ ತನ್ನ ಪಾಲು ಏರಿಸುತ್ತಾ ಪೂರ್ತಿ ಖರ್ಚು ಹೊರಬೇಕು. ಕಾಗದದ ಮೇಲೆ ಸಲೀಸು. ಕೆಲವು ಕಡೆ ನಡೆಯುವುದು ಹೀಗೆ: ಯುನಿಸೆಫ್ ಮೂಲಕ ಕೊಳ್ಳುವಾಗ ಹಣ ಮುಂಗಡ, ಅದೂ ಡಾಲರ್‌ನಲ್ಲಿ. ಆರೋಗ್ಯ ಇಲಾಖೆಯ ಬಜೆಟ್‌ನಲ್ಲಿ ಲಸಿಕೆಗೆಂದೇ ಪ್ರತ್ಯೇಕ ಶೀರ್ಷಿಕೆ ಇರುವುದಿಲ್ಲ. ಹಣಕಾಸು ಇಲಾಖೆ ಮೊದಲ ಕಂತು ಬಿಡುವ ಹೊತ್ತಿಗೆ ಸ್ಥಳೀಯ ಕರೆನ್ಸಿ ಕುಸಿದಿರುತ್ತದೆ, ಮಂಜೂರಾದ ಮೊತ್ತಕ್ಕೆ ಬರುವ ಡೋಸ್ ಕಡಿಮೆಯಾಗುತ್ತದೆ. ಆರ್ಡರ್ ತಡವಾಯಿತೋ, ಕೋಲ್ಡ್ ರೂಮ್ ಖಾಲಿ, ಮಗು ಹೊತ್ತು ಬಂದ ತಾಯಿ ವಾಪಸ್. ದೇಶದಲ್ಲಿ ದುಡ್ಡಿಲ್ಲ ಅಂತಲ್ಲ, ಸರಿಯಾದ ತಿಂಗಳಲ್ಲಿ ಸರಿಯಾದ ಖಾತೆಯಲ್ಲಿಲ್ಲ.

ಹಾಗಾಗಿ ನೆರವು ಇಳಿಯುವ ಮೊದಲ ವರ್ಷವೇ ಪ್ರತ್ಯೇಕ ಶೀರ್ಷಿಕೆ ತೆರೆಸಬೇಕು, ವಿನಿಮಯ ದರ ಕುಸಿದರೆ ಎಂದು ಮೀಸಲು ಇಡಬೇಕು. ಖರೀದಿ, ದಾಸ್ತಾನು ಲೆಕ್ಕ ಇಡುವ ಸಿಬ್ಬಂದಿಯ ಸಂಬಳವೂ ಎಷ್ಟೋ ಕಡೆ ನೆರವಿನ ಯೋಜನೆಯಿಂದಲೇ ಬರುತ್ತಿರುತ್ತದೆ. ಅವರನ್ನು ಸರ್ಕಾರಿ ಹುದ್ದೆಗೆ ತರದಿದ್ದರೆ ಯೋಜನೆ ಮುಗಿದ ದಿನ ಅವರೂ ಹೋಗುತ್ತಾರೆ.

ಉತ್ತರ 1

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಸರಾಸರಿ ಆದಾಯ ಚಂಡಮಾರುತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2017ರ ಇರ್ಮಾ ಚಂಡಮಾರುತದಲ್ಲಿ ಕೆರಿಬಿಯನ್‌ನ ಬ್ರಿಟಿಷ್ ಆಡಳಿತದ ಆಂಗ್ವಿಲಾ, ಬ್ರಿಟಿಷ್ ವರ್ಜಿನ್ ದ್ವೀಪಗಳು ನೆಲಕಚ್ಚಿದಾಗ, ಅವು ಆಗಲೇ ಪಟ್ಟಿಯಿಂದ ಹೊರಗಿದ್ದುದರಿಂದ ಬ್ರಿಟನ್ ಅಲ್ಲಿಗೆ ಕೊಟ್ಟದ್ದನ್ನು ಅಧಿಕೃತ ನೆರವೆಂದು ತೋರಿಸುವಂತಿರಲಿಲ್ಲ. ಆದಾಯ ಕುಸಿದ ದೇಶವನ್ನು ಪಟ್ಟಿಗೆ ಮರಳಿ ಸೇರಿಸುವ ಕ್ರಮ ಆಮೇಲೆ ಬಂತು. ಆದರೆ ಅದಕ್ಕೂ ಆದಾಯದ ಅಂಕಿ ಬೇಕು, ಅಂಕಿ ಸಿಗುವುದು ವರ್ಷ ಕಳೆದ ಮೇಲೆ. ಸೂರು ಮಾತ್ರ ಮುಂದಿನ ಮಳೆಗೆ ಮೊದಲೇ ಬೇಕು.