ಬ್ರಿಟನ್ನಿನ ಹೊಸ ಬಿಯರ್‌ಗಳಲ್ಲಿ 3% ಆಲ್ಕೋಹಾಲ್ ಇರೋದೇ ಮೇಲು ಅಂತೀನಿ. ಒಪ್ತೀರಾ?

ಶೆಫೀಲ್ಡ್_ಪ್ರಸನ್ನ

ಕಳೆದ ಶನಿವಾರ ನಾವು ಕೆಲವರು ಸೇರಿ ಇಲ್ಲಿನ ಈಗಿನ ಬಿಯರ್‌ಗಳನ್ನು ಪಕ್ಕಪಕ್ಕ ಇಟ್ಟು ರುಚಿ ನೋಡಿದೆವು. ಲೋಟಗಳ ಮೇಲೆ ಹೆಸರಿರಲಿಲ್ಲ, ಬರೀ ಅಂಕೆ. ಯಾವುದು ಯಾವುದೆಂದು ಸುರಿದವನಿಗೆ ಮಾತ್ರ ಗೊತ್ತು, ಅವನು ಅಂಕ ಕೊಡಲಿಲ್ಲ. ಒಂದೊಂದು ಲೋಟಕ್ಕೆ ಪೈಂಟಿನ ಮೂರನೇ ಒಂದು ಪಾಲು, 189 ಮಿ.ಲೀ. ಎಲ್ಲವೂ ಕ್ಯಾನ್ ಇಲ್ಲವೇ ಬಾಟಲಿಯವು.

ಸಾಲಿನಲ್ಲಿದ್ದದ್ದು: ಲಂಡನ್ನಿನ ಬರ್ಮಂಡ್ಸಿಯ ಕರ್ನೆಲ್‌ನವರ ಟೇಬಲ್ ಬಿಯರ್ (3% ಆಸುಪಾಸು), ಚೆಲ್ಟನ್‌ಹ್ಯಾಮ್‌ನ ಡೇಯಾದವರ ಸ್ಟೆಡಿ ರೋಲಿಂಗ್ ಮ್ಯಾನ್ (5.2%), ಡಾರ್ಬಿಶೈರ್‌ನ ಥಾರ್ನ್‌ಬ್ರಿಜ್‌ನವರ ಜೈಪುರ (5.9%), ಮತ್ತೆ 8% ಇದ್ದ ಒಂದು ಹೇಜಿ (ಮಬ್ಬಾಗಿ, ಹಣ್ಣಿನ ಘಮ ತುಂಬಿರುವ) ಡಬಲ್ ಐಪಿಎ. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಹೆಚ್ಚು ಹಾಕಿದ ತಿಳಿ ಬಣ್ಣದ ಬಿಯರ್; ಡಬಲ್ ಅಂದರೆ ಅದರ ಇನ್ನೂ ಗಡುಸಾದ ರೂಪ.

ನನ್ನ ಲೆಕ್ಕದಲ್ಲಿ ಟೇಬಲ್ ಬಿಯರ್ ಮೊದಲು, ಜೈಪುರ ಅದರ ಹಿಂದೆಯೇ. ಟೇಬಲ್ ಬಿಯರ್‌ನಲ್ಲಿ ಮೂಗಿಗೆ ಹೇರಳೆಕಾಯಿ ಸಿಪ್ಪೆಯ ಘಮ, ನಾಲಿಗೆಗೆ ಬಾರ್ಲಿಯ ತೆಳು ಸಿಹಿ, ಆಮೇಲೆ ಚೊಕ್ಕವಾದ ಕಹಿ. ಲೋಟ ಕೆಳಗಿಟ್ಟ ಕೂಡಲೇ ಇನ್ನೊಂದು ಗುಟುಕು ಬೇಕೆನಿಸುತ್ತದೆ. ಡಬಲ್ ಐಪಿಎ ಮೊದಲ ಗುಟುಕಿಗೆ ಮಾವು, ಅನಾನಸ್ ಅಂತ ಬೆರಗು ಹುಟ್ಟಿಸಿತು. ಮೂರನೆಯದಕ್ಕೆ ಗಂಟಲಲ್ಲಿ ಒಗರು, ನಾಲ್ಕನೆಯದಕ್ಕೆ ಸಾಕು. ಆದರೂ ಬಿಯರಿಗೆ ಅಂಕ ಕೊಡುವ ಅನ್‌ಟ್ಯಾಪ್ಡ್ ಆ್ಯಪ್ ತೆರೆದರೆ ಮೇಲಿನ ಸಾಲುಗಳ ತುಂಬ ಇಂಥ ಭಾರದ ಹೇಜಿ ಮತ್ತು 10% ದಾಟಿದ ಕಪ್ಪು ಸ್ಟೌಟ್‌ಗಳೇ. ಒಂದು ಗುಟುಕಿಗೆ ಅಂಕ ಕೊಡುವವರು ಆ ಪಟ್ಟಿ ಮಾಡಿದ್ದಾರೆ, ಇಡೀ ಲೋಟ ಮುಗಿಸುವವರಲ್ಲ. ಬ್ರಿಟನ್ನಿನವರಿಗೆ ಬೇರೆಯವರಿಗಿಂತ ಚೆನ್ನಾಗಿ ಒಲಿದಿರುವುದು ಕಡಿಮೆ ಆಲ್ಕೋಹಾಲಿನಲ್ಲಿ ತುಂಬು ರುಚಿ ತರುವ ಕೆಲಸ. ಇದು ನನ್ನ ವಾದ.

ಬಸು_ಲೀಡ್ಸ್

ಪ್ರಸನ್ನ ಅವರ, ಎಲ್ಲಾ ಛಲೋ ಬರದೀರಿ. ಆದ್ರ ನಿಮ್ಮ ಸಾಲಿನ್ಯಾಗ ಒಂದೂ ಕ್ಯಾಸ್ಕ್ (ಪೀಪಾಯಿ) ಬಿಯರ್ ಇಲ್ಲಲ್ರಿ! ಬ್ರಿಟನ್ ಬಿಯರ್ ಹೋಲಸಾಕ ಕುಂತು ಬರೇ ಡಬ್ಬಿ ಒಡದ್ರ ಹೆಂಗ? ಕ್ಯಾಸ್ಕ್ ಒಳಗ ಈಸ್ಟ್ ಇನ್ನೂ ಜೀವಂತ ಇರ್ತದ, ಪಬ್ಬಿನ ನೆಲಮಾಳಗ್ಯಾಗ ಎರಡನೇ ಸಲ ಹುದಗತದ. ಹೊರಗಿನ ಗ್ಯಾಸ್ ಹಾಕಂಗಿಲ್ಲ, ಕೈಯಿಂದ ಪಂಪ್ ಎಳೀತಾರ, 11ರಿಂದ 13 ಡಿಗ್ರಿ ಒಳಗ ಕೊಡ್ತಾರ. ಇದನ್ನ ಉಳಸಾಕ 1971ರಾಗ ಕ್ಯಾಮ್ರಾ ಅಂತ ಕುಡಿಯೋರದ ಸಂಘನ ಹುಟ್ಟಿತು. ಇಲ್ಲೆ ಕೀತ್ಲಿ ಊರಿನ ಟಿಮೊಥಿ ಟೇಲರ್‌ನವರ ಲ್ಯಾಂಡ್‌ಲಾರ್ಡ್ ಕ್ಯಾಸ್ಕಿನ್ಯಾಗ ಕುಡೀರಿ, ಆಮ್ಯಾಲೆ ಅದನ್ನ ಬಾಟ್ಲಿಯಿಂದ ಕುಡೀರಿ. ಎರಡಕ್ಕೂ ಒಂದ ಹೆಸರು ಅಂದ್ರ ನಂಬಾಕ ಆಗಂಗಿಲ್ಲ.

ಕಡಿಮಿ ಆಲ್ಕೋಹಾಲಿನ್ಯಾಗ ಹೆಚ್ಚು ರುಚಿ ಅಂತೀರಲ್ಲ, ಆ ವಿದ್ಯಾ ಹುಟ್ಟಿದ್ದ ಬಿಟ್ಟರ್ ಅನ್ನೋ ಇಲ್ಲಿನ ಹಳೇ ಕಹಿ ಕ್ಯಾಸ್ಕ್ ಬಿಯರಿನಿಂದ. ನಿಮ್ಮ ವಾದಕ್ಕ ಎಲ್ಲಾಕಿಂತ ಗಟ್ಟಿ ಸಾಕ್ಷಿನ ನೀವು ಹೊರಗ ಬಿಟ್ಟೀರಿ.

ವಿದ್ಯಾ_ಮ್ಯಾಂಚೆಸ್ಟರ್

ಬಸು ಸರ್, ಚೆನ್ನಾಗಿರೋ ಕ್ಯಾಸ್ಕ್ ಬಗ್ಗೆ ನನಗೂ ಅಷ್ಟೇ ಪ್ರೀತಿ. ಆದರೆ ಕ್ಯಾಸ್ಕ್ ತೆರೆದ ಮೇಲೆ ಒಳಗೆ ಗಾಳಿ ಸೇರುತ್ತೆ. ಮೂರು ದಿನದೊಳಗೆ ಖಾಲಿಯಾಗದಿದ್ದರೆ ಹುಳಿ ಬರೋಕೆ ಶುರು. ಗಿರಾಕಿ ಕಡಿಮೆ ಇರೋ ಪಬ್ಬಲ್ಲಿ ಐದು ಹ್ಯಾಂಡ್‌ಪಂಪ್ ಇದ್ದರೆ ನನಗೆ ಖುಷಿಗಿಂತ ಭಯವೇ ಜಾಸ್ತಿ. ನಮ್ಮ ಹತ್ತಿರದ ಒಂದು ಪಬ್ಬಲ್ಲಿ ವಿನೆಗರ್ ವಾಸನೆ ಬರ್ತಿದ್ದ ಹಾಫ್ ಪೈಂಟ್ ಕೊಟ್ಟು, ಈ ಬಿಯರ್ ಇರೋದೇ ಹೀಗೆ ಅಂದರು. ಬಿಯರ್ ಮಾಡಿದವರ ಶ್ರಮ ಅಲ್ಲಿ ಮಣ್ಣುಪಾಲಾಯ್ತು.

ದುಡ್ಡಿನ ಲೆಕ್ಕವೂ ಇದೆ. ಕ್ಯಾಸ್ಕ್ ಅಗ್ಗ ಇರಬೇಕು ಅನ್ನೋದು ಇಲ್ಲಿನ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಅದೇ ಬಾರ್ಲಿ, ಅದೇ ಹಾಪ್ಸ್, ಕೆಲಸ ಇನ್ನೂ ಹೆಚ್ಚು, ಆದರೂ ಕೆಗ್‌ಗಿಂತ (ಗ್ಯಾಸ್ ಒತ್ತಡದಿಂದ ಸುರಿಯೋ ಬಿಯರ್) ಕಡಿಮೆ ಬೆಲೆ. ನಮ್ಮೂರಿನ ಕ್ಲೌಡ್‌ವಾಟರ್ ಬ್ರೂವರಿ 2017ರಲ್ಲಿ ಇದೇ ಕಾರಣಕ್ಕೆ ಕ್ಯಾಸ್ಕ್ ನಿಲ್ಲಿಸಿತ್ತು, ಆಮೇಲೆ ಮತ್ತೆ ಶುರು ಮಾಡಿತು. ಕ್ಯಾಸ್ಕ್ ಉಳೀಬೇಕು ಅಂದರೆ ಅದಕ್ಕೆ ಸರಿಯಾದ ಬೆಲೆ ಕೊಡೋಕೆ ನಾವು ತಯಾರಿರಬೇಕು.

ಕಡಲತೀರ_ಫಾಲ್ಮತ್

ಪ್ರಸನ್ನ ಅವರೇ, ಹೇಜಿಯನ್ನು ನೀವು ಹೀಗೆ ಬದಿಗೆ ಸರಿಸಿದ್ದು ನನಗೆ ಸರಿ ಕಾಣುವುದಿಲ್ಲ ಮಾರಾಯ್ರೆ. 8% ಇರುವುದನ್ನು 3% ಇರುವುದರ ಪಕ್ಕ ಇಟ್ಟರೆ ಆಯಾಸ ಆಗುವುದು ಸಹಜ ಅಲ್ಲವಾ? ಇಲ್ಲಿ ನಮ್ಮ ಪಕ್ಕದ ಪೆನ್ರಿನ್‌ನಲ್ಲಿ ವರ್ಡಂಟ್ ಬ್ರೂವರಿ ಉಂಟು. ಅವರ ಲೈಟ್‌ಬಲ್ಬ್ 4.5% ಅಷ್ಟೆ, ಅದೂ ಹೇಜಿಯೇ. ಅದನ್ನು ತಾಜಾ ಕುಡಿದವರು ಹೇಜಿ ಎಂದರೆ ಭಾರ ಎಂದು ಹೇಳಲಿಕ್ಕಿಲ್ಲ.

ಮತ್ತೊಂದು, ನೀವು ಹೇಳಿದ ಗಂಟಲಿನ ಒಗರು. ಅದು ಹಾಪ್ಸಿನ ಪಾಲಿಫಿನಾಲ್ ಎಂಬ ಒಗರು ಅಂಶ. ವಿಪರೀತ ಡ್ರೈ ಹಾಪ್ ಮಾಡಿದ (ಕುದಿಸದೆ ಹಾಪ್ಸ್ ಸೇರಿಸಿದ) ಬಿಯರನ್ನು ಕ್ಯಾನ್ ಮಾಡಿದ ವಾರವೇ ಕುಡಿದರೆ ಹಾಗೆ ಆಗುತ್ತದೆ. ಫ್ರಿಜ್ಜಿನಲ್ಲಿ ಎರಡು ವಾರ ಕೂತರೆ ಇಳಿಯುತ್ತದೆ. ಹಾಗಂತ ನಾಲ್ಕು ತಿಂಗಳು ಅಂಗಡಿಯ ಕಪಾಟಿನಲ್ಲಿ ಬೆಚ್ಚಗೆ ಇಟ್ಟರೆ ಆಮ್ಲಜನಕ ತಾಗಿ ಬಣ್ಣ ಮಂಕಾಗುತ್ತದೆ, ಮಾವಿನ ಘಮ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ನೀವು ಕುಡಿದ ಕ್ಯಾನಿನ ತಳದಲ್ಲಿ ಎಂತ ದಿನಾಂಕ ಇತ್ತು?

ಹಳೇ_ಏರ್‌ಪೋರ್ಟ್_ರೋಡ್

ಬೆಂಗಳೂರಿಂದ ಓದ್ತಾ ಇದೀನಿ. ಒಂದು ಪ್ರಶ್ನೆ. ಹೇಜಿ ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆಯಿಂದ ಬಂದದ್ದು. ಜೈಪುರಕ್ಕೆ ಹಾಕೋದು ಚಿನೂಕ್, ಸೆಂಟೆನಿಯಲ್, ಕ್ಯಾಸ್ಕೇಡ್ ಥರದ ಅಮೆರಿಕದ ಹಾಪ್ಸ್. ಇದನ್ನೆಲ್ಲ ಬ್ರಿಟಿಷ್ ಬಿಯರ್ ಅಂತ ಯಾಕೆ ಕರೀಬೇಕು? ನಕಲು ಅಂದರೆ ತಪ್ಪೇನು? ಐಪಿಎ ಆದರೂ ಅವರದ್ದು ಅನ್ನೋಣ ಅಂದರೆ, ಅದು ಭಾರತಕ್ಕೆ ಬರೋ ಹಡಗಲ್ಲಿ ಕೆಡಬಾರದು ಅಂತ ಕಂಡುಹಿಡಿದದ್ದು ಅಂತಾರೆ.

ಮ್ಯಾಶ್‌ಟನ್_ಮೈಸೂರು

ನಾನು ಬಿಯರ್ ಮಾಡುವ ಕೆಲಸದಲ್ಲೇ ಇರುವವನು, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮೊದಲು ಹಡಗಿನ ಕಥೆ. ಐಪಿಎ ಬರುವ ಮುಂಚೆಯೂ ಭಾರತಕ್ಕೆ ಬಿಯರ್ ಬರುತ್ತಿತ್ತು, ಕೆಡದೆಯೇ ಬರುತ್ತಿತ್ತು. ಪೋರ್ಟರ್‌ ಎಂಬ ಕಪ್ಪು ಬಿಯರ್ ಇಲ್ಲಿನ ಬ್ರಿಟಿಷ್ ಸಿಪಾಯಿಗಳಿಗೆಂದು ಪೇಲ್ ಏಲ್‌ಗಿಂತ ಹೆಚ್ಚಾಗಿಯೇ ಬಂದಿದೆ. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಕ್ಯಾಪ್ಟನ್‌ಗಳಿಗೆ ಪೇಲ್ ಏಲ್ ಮಾರುತ್ತಿದ್ದ, ಸಾಲವನ್ನೂ ಕೊಡುತ್ತಿದ್ದ. ಕಡಲಿನ ಮೇಲೆ ತಿಂಗಳುಗಟ್ಟಲೆ ತೂಗಾಡಿ ಅದು ಹದವಾಗಿ ಮಾಗಿತು, ಇಲ್ಲಿನ ಅಧಿಕಾರಿಗಳಿಗೆ ರುಚಿಸಿತು. ಆಮೇಲೆ ಬರ್ಟನ್ ಊರಿನವರು ಆ ವ್ಯಾಪಾರವನ್ನು ಕಿತ್ತುಕೊಂಡರು. ಬರ್ಟನ್ನಿನ ನೀರಿನಲ್ಲಿ ಜಿಪ್ಸಮ್ ಹೆಚ್ಚು, ಸಲ್ಫೇಟ್ ಹಾಪ್ಸಿನ ಕಹಿಯನ್ನು ಚುರುಕಾಗಿಸುತ್ತದೆ. ಹೀಗಾಗಿ ಐಪಿಎಯನ್ನು ಯಾರೋ ಕೂತು ಕಂಡುಹಿಡಿದದ್ದಲ್ಲ.

ಇನ್ನು ನಕಲು. ಕ್ಯಾಸ್ಕೇಡ್ ಹಾಪ್ಸಿನ ಪೂರ್ವಜರಲ್ಲಿ ಇಂಗ್ಲೆಂಡಿನ ಫಗಲ್ ತಳಿ ಇದೆ. ಜೈಪುರದ ಬೆನ್ನೆಲುಬು ಮ್ಯಾರಿಸ್ ಆಟರ್ ಬಾರ್ಲಿ, 1960ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಬೆಳೆಸಿದ ತಳಿ. ಹೇಜಿಗೆ ಹೆಚ್ಚಿನವರು ಬಳಸುವ ಈಸ್ಟ್‌ಗಳೂ ಇಂಗ್ಲಿಷ್ ಮೂಲದವು. ಹಣ್ಣಿನ ಘಮದ ಎಸ್ಟರ್ ಕೊಡುವ, ಸಿಹಿಯನ್ನು ಒಂದಿಷ್ಟು ಉಳಿಸುವ ಗುಣ ಅವುಗಳದ್ದು. ಹಾಪ್ಸಿನ ಎಣ್ಣೆಗಳನ್ನು ಹುದುಗುವ ಹೊತ್ತಿನಲ್ಲೇ ಮಾರ್ಪಡಿಸುತ್ತವೆ, ಗುಲಾಬಿ ಘಮದ ಜೆರಾನಿಯಾಲ್ ನಿಂಬೆ ಘಮದ ಸಿಟ್ರೊನೆಲಾಲ್ ಆಗುವುದು ಹೀಗೆ. ಕಡಲತೀರದವರು ಹೇಳಿದ ವರ್ಡಂಟ್‌ನವರ ಈಸ್ಟ್ ಈಗ ಒಣ ಪ್ಯಾಕೆಟ್ಟಿನಲ್ಲಿ ಜಗತ್ತಿನ ಬೇರೆ ಬ್ರೂಯರ್‌ಗಳಿಗೂ ಸಿಗುತ್ತದೆ. ಅಮೆರಿಕಕ್ಕೆ ಹೋದದ್ದು ಹೊಸ ರೂಪದಲ್ಲಿ ಮನೆಗೆ ಬಂದಿದೆ, ನನಗೆ ಅದರಲ್ಲಿ ನಕಲು ಕಾಣುವುದಿಲ್ಲ.

ಪ್ರಸನ್ನ ಅವರ ಮೂಲ ವಾದಕ್ಕೆ ನನ್ನ ಪೂರ್ತಿ ಬೆಂಬಲ. 3% ಬಿಯರ್ ಮಾಡುವುದು ಕಷ್ಟ. ಬಾರ್ಲಿ ಕಡಿಮೆ ಹಾಕಿದ್ದರಿಂದ ಮೈ ತೆಳ್ಳಗಾಗುತ್ತದೆ, ನೀರಾಗುತ್ತದೆ. ಅದಕ್ಕೆ ಮ್ಯಾಶ್ (ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸುವ ಹಂತ) ಉಷ್ಣತೆಯನ್ನು ಏರಿಸುತ್ತೇವೆ, 69–70 ಡಿಗ್ರಿಯ ಸುತ್ತ. ಆಗ ಈಸ್ಟ್ ತಿನ್ನಲಾಗದ ಡೆಕ್ಸ್‌ಟ್ರಿನ್‌ಗಳು ಹೆಚ್ಚು ಉಳಿದು ಬಾಯಿಗೆ ತುಂಬು ಬರುತ್ತದೆ. ಓಟ್ಸ್ ಸೇರಿಸಿದರೆ ಇನ್ನೂ ನಯ. ಇಷ್ಟೆಲ್ಲ ಮಾಡಿದ ಮೇಲೂ ಹಾಪ್ಸ್ ಒಂದು ಚಿಟಿಕೆ ಹೆಚ್ಚಾದರೆ ಬಯಲಾಗುತ್ತದೆ. 8% ಬಿಯರಿನಲ್ಲಿ ಸಿಹಿ, ಆಲ್ಕೋಹಾಲು ಎಷ್ಟೋ ತಪ್ಪುಗಳನ್ನು ಮುಚ್ಚಿಬಿಡುತ್ತವೆ.

ಗಿರಿಜಾ_ತುಮಕೂರು_ಈಗ_ರೆಡಿಂಗ್

ಚರ್ಚೆ ತುಂಬಾ ಚೆನ್ನಾಗಿದೆ. ನಾವು ಸಸ್ಯಾಹಾರಿಗಳು. ಕ್ಯಾಸ್ಕ್ ಬಿಯರಿಗೆ ಮೀನಿನದ್ದೇನೋ ಹಾಕ್ತಾರಂತೆ, ನಿಜವಾ? ನಮ್ಮೆಜಮಾನ್ರು ಅದಕ್ಕೇ ಹ್ಯಾಂಡ್‌ಪಂಪಿನ ಕಡೆ ತಿರುಗಿಯೂ ನೋಡಲ್ಲ.

ವಿದ್ಯಾ_ಮ್ಯಾಂಚೆಸ್ಟರ್

ನಿಜ ಗಿರಿಜಾ ಅವರೇ. ಐಸಿಂಗ್ಲಾಸ್ ಅಂತ, ಮೀನಿನ ಗಾಳಿಚೀಲದಿಂದ ತೆಗೆಯೋ ಕೊಲಾಜೆನ್. ತೇಲೋ ಈಸ್ಟನ್ನ ಹಿಡ್ಕೊಂಡು ಕ್ಯಾಸ್ಕ್ ತಳಕ್ಕೆ ಇಳಿಯುತ್ತೆ, ಬಿಯರ್ ತಿಳಿಯಾಗುತ್ತೆ. ಲೋಟಕ್ಕೆ ಬರೋ ಅಂಶ ತೀರಾ ಕಡಿಮೆ, ಆದರೆ ಸಸ್ಯಾಹಾರಿಗಳಿಗೆ ಅದು ಉತ್ತರ ಅಲ್ಲ. ಹೊಸ ಕಾಲದ ಎಷ್ಟೋ ಬ್ರೂವರಿಗಳು ಇದನ್ನ ಹಾಕೋದೇ ಇಲ್ಲ, ಬಿಯರ್ ಮಬ್ಬಾಗಿದ್ದರೆ ಇರಲಿ ಅಂತಾರೆ. ಕ್ಯಾನ್ ಮೇಲೆ ವೀಗನ್ ಗುರುತು ನೋಡಿ, ಪಬ್ಬಲ್ಲಿ ಕ್ಯಾಸ್ಕ್ ತಗೊಳ್ಳೋ ಮುಂಚೆ ಫೈನ್ ಮಾಡಿದ್ದಾ (ಐಸಿಂಗ್ಲಾಸ್ ಹಾಕಿದ್ದಾ) ಅಂತ ಕೇಳಿ, ಗೊತ್ತಿರೋರು ಹೇಳ್ತಾರೆ. ಹೇಜಿ ಬಂದಿದ್ದರಿಂದ ನಮ್ಮಂಥವರಿಗೆ ಆದ ದೊಡ್ಡ ಅನುಕೂಲ ಇದು. ಮಬ್ಬು ಅಂದರೆ ಕೆಟ್ಟದ್ದು ಅನ್ನೋ ಭಾವನೆಯನ್ನೇ ಅದು ತೆಗೆದುಹಾಕ್ತು.

ಕೆನ್ಸಿಂಗ್ಟನ್_ಕೆಫೆ

ಒಂದು ವಿಷಯ ಯಾರೂ ಎತ್ತಲಿಲ್ಲ: ಮಾಲೀಕರು ಯಾರು? ಕ್ಯಾಮ್ಡನ್ ಬ್ರೂವರಿ 2015ರಲ್ಲಿ ದೈತ್ಯ ಕಂಪನಿ ಎಬಿ ಇನ್‌ಬೆವ್‌ಗೆ ಹೋಯಿತು. ಬೀವರ್‌ಟೌನ್ ಬ್ರೂವರಿಯಲ್ಲಿ ಹೈನೆಕೆನ್ 2018ರಲ್ಲಿ ಪಾಲು ತಗೊಂಡು 2022ರಲ್ಲಿ ಪೂರ್ತಿ ಕೊಂಡಿತು. ಪಬ್ಬಿನ ಸಾಲಿನಲ್ಲಿ ಇವೂ ಕ್ರಾಫ್ಟ್ (ಸಣ್ಣ ಬ್ರೂವರಿಯ ಬಿಯರ್) ಎಂದೇ ನಿಂತಿವೆ. ರುಚಿಯ ಜೊತೆಗೆ ಇದನ್ನೂ ತೂಗಬೇಡವೇ?

ಶೆಫೀಲ್ಡ್_ಪ್ರಸನ್ನ

ತೂಗಬೇಕು, ಆದರೆ ಲೋಟ ಖಾಲಿಯಾದ ಮೇಲೆ. ಹೆಸರು ಮುಚ್ಚಿ ಕುಡಿಯುವುದೇ ಅದಕ್ಕೆ. ದುಡ್ಡು ಯಾರಿಗೆ ಸೇರಬೇಕು ಅನ್ನುವುದು ಕೊಳ್ಳುವಾಗಿನ ಪ್ರಶ್ನೆ, ಅಲ್ಲಿ ನಾನು ಸಣ್ಣವರ ಕಡೆ. ಸರ್ಕಾರ 2002ರಲ್ಲಿ ಸಣ್ಣ ಬ್ರೂವರಿಗಳಿಗೆ ಸುಂಕ ಇಳಿಸದಿದ್ದರೆ ನಾವಿಲ್ಲಿ ಹೋಲಿಸುತ್ತಿರುವ ಎಷ್ಟೋ ಬಿಯರ್ ಹುಟ್ಟುತ್ತಲೇ ಇರಲಿಲ್ಲ. ಜೈಪುರ ಬಂದದ್ದು 2005ರಲ್ಲಿ, ಕರ್ನೆಲ್ 2009ರಲ್ಲಿ.

ಸುಂಕದ ಮಾತು ಬಂತು, ಅದು ನನ್ನ ವಾದಕ್ಕೂ ತಾಗುತ್ತದೆ. 2023ರ ಆಗಸ್ಟ್‌ನಿಂದ 3.5%ಗಿಂತ ಕೆಳಗಿನ ಬಿಯರಿಗೆ ಸುಂಕ ಬಹಳ ಕಡಿಮೆ. ಅದಕ್ಕೆ ಕೆಲವು ದೊಡ್ಡ ಕಂಪನಿಗಳು ಹಳೆಯ ಬಿಯರನ್ನೇ 3.4%ಗೆ ಇಳಿಸಿದವು. ಅದು ಬೇರೆ, ಟೇಬಲ್ ಬಿಯರನ್ನು ಮೊದಲಿನಿಂದ 3% ಎಂದೇ ಕಟ್ಟುವುದು ಬೇರೆ. ಮ್ಯಾಶ್‌ಟನ್ ಅವರು ಹೇಳಿದ ಕೆಲಸ ಎರಡನೆಯದರಲ್ಲಿ ಕಾಣುತ್ತದೆ.

ಕಡಲತೀರ ಅವರೇ, ಕ್ಯಾನಿನ ಮೇಲಿನ ದಿನಾಂಕದಂತೆ ಅದು ತೀರಾ ಹೊಸದು, ಒಗರಿನ ಬಗ್ಗೆ ನೀವು ಹೇಳಿದ್ದು ಅದಕ್ಕೆ ಹೊಂದುತ್ತದೆ. ಆದರೂ ಆ ಸಿಹಿ, ಆ ಭಾರ ಹದಿನೈದು ದಿನದಲ್ಲಿ ಎಲ್ಲಿಗೂ ಹೋಗುವುದಿಲ್ಲ. ನನ್ನ ಮೊದಲ ಸ್ಥಾನ ಬದಲಾಗುವುದಿಲ್ಲ.

ಬಸು_ಲೀಡ್ಸ್

ವಿದ್ಯಾ ಮೇಡಂ ಅಂದಿದ್ದು ಖರೆ, ಕೆಟ್ಟ ಕ್ಯಾಸ್ಕ್‌ನಷ್ಟು ಬ್ಯಾಸರಾ ಬ್ಯಾರೆ ಇಲ್ಲ. ಅದಕ್ಕ ಗದ್ದಲ ಇರೋ ಪಬ್ಬಿಗೆ ಹೋಗ್ರಿ, ಒಂದೆರಡ ಪಂಪ್ ಇದ್ರೂ ಅಲ್ಲಿ ಬಿಯರ್ ತಾಜಾ ಇರ್ತದ.

ಇನ್ನ ಥಾರ್ನ್‌ಬ್ರಿಜ್ ಬಗ್ಗೆ ಒಂದ್ ಮಾತು. ಬರ್ಟನ್ನಿನ ಮಾರ್ಸ್ಟನ್ಸ್ ಬ್ರೂವರಿಯೊಳಗ ಯೂನಿಯನ್ ಅಂತ ಒಂದ್ ಹಳೇ ಪದ್ಧತಿ ಇತ್ತು. ಸಾಲಾಗಿ ಜೋಡಿಸಿದ ಓಕ್ ಪೀಪಾಯಿ. ಹುದಗಿ ಉಕ್ಕಿದ ನೊರಿ ಕೊಳವಿಯೊಳಗ ಮ್ಯಾಲೆ ಏರಿ ತೊಟ್ಟಿಗೆ ಬೀಳ್ತದ, ಈಸ್ಟ್ ಅಲ್ಲೇ ಉಳಿದು ಬಿಯರ್ ತಿರುಗಿ ಪೀಪಾಯಿಗೆ ಇಳೀತದ. 2024ರಾಗ ಅದನ್ನ ನಿಲ್ಲಸ್ತೇವಿ ಅಂದ್ರು. ಅದರಾಗಿನ ಒಂದ್ ಸೆಟ್ ಥಾರ್ನ್‌ಬ್ರಿಜ್‌ನವ್ರು ತಮ್ಮಲ್ಲಿ ತಂದು ಕೂಡಿಸಿದ್ರು. ಹೊಸಬರ ಕೈಯಾಗ ಹಳೇದು ಉಳೀತು. ಅದಕ್ಕ ಕ್ಯಾಸ್ಕ್ ಹಳೇದು, ಕ್ರಾಫ್ಟ್ ಹೊಸದು ಅಂತ ಗೆರಿ ಕೊರೀಬ್ಯಾಡ್ರಿ.

ಮುಂದಿನ ಸಲ ಜೈಪುರನ್ನ ಒಂದ ಪಬ್ಬಿನ್ಯಾಗ ಕ್ಯಾಸ್ಕಿನಿಂದ ಒಂದು, ಕೆಗ್ಗಿನಿಂದ ಒಂದು ತಗೊಂಡು ಹೋಲಸ್ರಿ. ಗ್ಯಾಸ್ ಅರ್ಧಕ್ಕ ಇಳಿದಾಗ, ಚಳಿ ಬಿಟ್ಟಾಗ ಮಾಲ್ಟಿನ ಜೇನು ಹೆಂಗ ಎದ್ದು ಬರ್ತದ ನೋಡ್ರಿ.

ಶೆಫೀಲ್ಡ್_ಪ್ರಸನ್ನ

ಒಪ್ಪಿದೆ, ಇಲ್ಲಿ ಅದು ಕಷ್ಟವೇನಲ್ಲ. ಜೊತೆಗೆ ಸ್ಪಾರ್ಕ್ಲರ್ ಪರೀಕ್ಷೆಯನ್ನೂ ಮಾಡೋಣ. ಪಂಪಿನ ಮೂತಿಗೆ ಹಾಕುವ ಆ ಸಣ್ಣ ತೂತಿನ ಮುಚ್ಚಳದಿಂದ ದಟ್ಟ ನೊರೆ ಬರುತ್ತದೆ, ನಿಮ್ಮ ಯಾರ್ಕ್‌ಶೈರಿನವರಿಗೆ ಅದಿಲ್ಲದೆ ಆಗದು. ಹಾಪ್ಸಿನ ಘಮ ಅದರಿಂದ ಹಾರಿಹೋಗುತ್ತದೆ ಎಂದು ನನಗನ್ನಿಸುತ್ತದೆ. ಒಂದು ಹಾಕಿಸಿ, ಒಂದು ತೆಗೆಸಿ, ಹೆಸರು ಮುಚ್ಚಿ ಕುಡಿಯೋಣ.

ಬಸು_ಲೀಡ್ಸ್

ಸ್ಪಾರ್ಕ್ಲರ್ ತಗದ ಬಿಯರ್ ನಾ ಕುಡಿಯಂಗಿಲ್ರಿ, ಆದ್ರ ಹೆಸರು ಮುಚ್ಚಿದ್ರ ಕುಡೀತೇನಿ. ನನ್ನ ನಾಲಿಗಿ ಮ್ಯಾಲೆ ನನಗ ನಂಬಿಕಿ ಐತಿ.

ಕಡಲತೀರ_ಫಾಲ್ಮತ್

ನಾನೂ ಬರುತ್ತೇನೆ. ಎರಡು ವಾರ ಫ್ರಿಜ್ಜಿನಲ್ಲಿ ಕೂತ ಲೈಟ್‌ಬಲ್ಬ್ ಕ್ಯಾನುಗಳನ್ನು ತಣ್ಣನೆಯ ಚೀಲದಲ್ಲಿ ಹಾಕಿ ತರುತ್ತೇನೆ. ಟೇಬಲ್ ಬಿಯರಿನ ಪಕ್ಕವೇ ಇಡಿ, ಆದರೆ ಎರಡನ್ನೂ ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಬಿಟ್ಟು ಸುರಿಯಬೇಕು. 4 ಡಿಗ್ರಿಯಲ್ಲಿ ಎರಡಕ್ಕೂ ನ್ಯಾಯ ಸಿಗುವುದಿಲ್ಲ.