ಗುಲ್‌ಮಾರ್ಗ್‌ನಲ್ಲಿ ಹಿಮವೇ ಇಲ್ಲ, ಕಾಯೋದಾ ವಾಪಸ್ ಬರೋದಾ?

ಪ್ರಶ್ನೆ: ಸ್ಕೀಯಿಂಗ್ ಕಲಿಸೋಣ ಅಂತ ಮಕ್ಕಳನ್ನು ಕರ್ಕೊಂಡು ಬೆಂಗಳೂರಿಂದ ಬಂದಿದ್ದೇವೆ. ಕಲಿಯೋರ ಇಳಿಜಾರಿನಲ್ಲಿ ಬರೀ ಒಣಹುಲ್ಲು, ಕೆಸರು. ಮಗಳು ಬಾಡಿಗೆ ಬೂಟು ಹಾಕ್ಕೊಂಡು ಸುಮ್ನೆ ಕೂತಿದ್ದಾಳೆ, ನೋಡೋಕಾಗಲ್ಲ. ಗೊಂಡೋಲಾದಲ್ಲಿ (ಕೇಬಲ್ ಕಾರ್) ಮೇಲೆ ಹೋದರೆ ಹಿಮ ಸಿಗುತ್ತಾ?

ಉತ್ತರ: ಗೊಂಡೋಲಾದ ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ 3,900 ಮೀಟರ್ ದಾಟಿ ಹೋಗುತ್ತೆ, ಅಲ್ಲಿ ಹಿಮ ಸಿಕ್ಕರೂ ಅದು ಕಲಿಯೋರ ಜಾಗ ಅಲ್ಲ, ತೆಳು ಹಿಮದಡಿ ಕಲ್ಲುಗಳಿರುತ್ತವೆ. ಮಕ್ಕಳಿಗೆ ಅಲ್ಲಿ ಸ್ಕೀ ಕಟ್ಟಬೇಡಿ, ದಯವಿಟ್ಟು.

ಉತ್ತರ: ಮೆಡಿಟರೇನಿಯನ್ ಕಡೆಯಿಂದ ಮೋಡ ತರೋ ಗಾಳಿ ದುರ್ಬಲವಾದರೆ ಹೀಗೇ. 2024ರ ಜನವರಿಯಲ್ಲೂ ಬೋಳಾಗಿತ್ತು, ತಿಂಗಳ ಕೊನೆಗೆ ಬಿತ್ತು. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್‌ಮಾರ್ಗ್ ಭಾಗವನ್ನೇ ಹಿಮ ಸಾಲದೆ ಮುಂದೂಡಿದರು.

ಉತ್ತರ: ಶ್ರೀನಗರ ಹವಾಮಾನ ಕೇಂದ್ರದ ಮುನ್ಸೂಚನೆ ನೋಡಿ ತೀರ್ಮಾನ ಮಾಡಿ. ಮೋಡದ ಸುಳಿವಿಲ್ಲ ಅಂದ್ರೆ ಟಿಕೆಟ್ ಬದಲಿಸಿ, ಫೆಬ್ರವರಿ ಕೊನೆಗೆ ಬನ್ನಿ.