ಎಸ್ಟೋನಿಯಾದಲ್ಲಿ ಕಂಪನಿಗೆ ಟ್ಯಾಕ್ಸೇ ಇಲ್ವಂತೆ, ನಿಜಾನಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನಂಗೆ ತಾಲಿನ್‌ನಲ್ಲಿ ಕೆಲ್ಸ ಸಿಕ್ಕಿದೆ, ತಿಂಗಳಿಗೆ 3000 ಯೂರೋ ಗ್ರಾಸ್ ಅಂದಿದಾರೆ. ನಮ್ಮನೆಯವ್ರು ಡಿಸೈನ್ ಕೆಲ್ಸ ಮಾಡೋದು, ಅಲ್ಲಿಗೆ ಬಂದು ಸೆಟಲ್ ಆದ್ಮೇಲೆ ಒಂದು ಚಿಕ್ಕ ಕಂಪನಿ ಶುರು ಮಾಡೋಣ ಅಂತಿದಾರೆ. ಎಸ್ಟೋನಿಯಾದಲ್ಲಿ ಕಂಪನಿ ಲಾಭಕ್ಕೆ ಟ್ಯಾಕ್ಸ್ ಸೊನ್ನೆ ಅಂತ ಎಲ್ಲಾ ಕಡೆ ಕೇಳ್ತಾ ಇದೀವಿ. ಇದು ನಿಜಾನಾ, ನಿಜ ಆಗಿದ್ರೆ ಅಷ್ಟು ಚಿಕ್ಕ ದೇಶ ಹೆಂಗೆ ನಡೆಯುತ್ತೆ? ನನ್ನ ಸಂಬಳದಲ್ಲಿ ಕೈಗೆ ಎಷ್ಟು ಬರುತ್ತೆ? ಅಲ್ಲಿ ಅಕೌಂಟ್ಸ್ ನೋಡೋರು ಗ್ರೂಪಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಉತ್ತರ: ನಮಸ್ಕಾರ ಸರ್. ನಾನು ತಾಲಿನ್‌ನಲ್ಲಿ ಚಿಕ್ಕ ಚಿಕ್ಕ ಕಂಪನಿಗಳ ಲೆಕ್ಕ ಬರೀತೀನಿ, ಈ ಸೊನ್ನೆ ಮಾತು ನಂಬ್ಕೊಂಡು ಬಂದು ಆಮೇಲೆ ಪೇಚಾಡೋರನ್ನ ನೋಡಿ ನೋಡಿ ಬೇಜಾರಾಗಿದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಮೊದಲು ದೇಶದ ಕಥೆ. 1991ರ ಆಗಸ್ಟಲ್ಲಿ ಸೋವಿಯತ್ ಒಕ್ಕೂಟದಿಂದ ಹೊರಗೆ ಬಂದಾಗ ಇವ್ರ ಹತ್ರ ಇದ್ದಿದ್ದು ದಿನೇ ದಿನೇ ಬೆಲೆ ಕಳ್ಕೊಳ್ತಿದ್ದ ರೂಬಲ್ಲು. 1992ರ ಜೂನಲ್ಲಿ ತಮ್ಮದೇ ಕ್ರೋನ್ ತಂದು, 8 ಕ್ರೋನ್‌ಗೆ 1 ಜರ್ಮನ್ ಮಾರ್ಕ್ ಅಂತ ಗಟ್ಟಿಯಾಗಿ ಕಟ್ಟಿಹಾಕಿದ್ರು. ಅದೇ ವರ್ಷ ಅಕ್ಟೋಬರಲ್ಲಿ ಪ್ರಧಾನಿ ಆದೋರು ಮಾರ್ಟ್ ಲಾರ್. 1994ರಲ್ಲಿ ಬಡವ ಶ್ರೀಮಂತ ಎಲ್ರಿಗೂ ಒಂದೇ ದರ, 26 ಪರ್ಸೆಂಟ್ ಇನ್‌ಕಮ್ ಟ್ಯಾಕ್ಸ್ ಬಂತು. 2000ದಿಂದ, ಕಂಪನಿಯೊಳಗೇ ಉಳಿಸ್ಕೊಂಡ ಲಾಭಕ್ಕೆ ಟ್ಯಾಕ್ಸ್ ಬೇಡ, ಹೊರಗೆ ತೆಗೆದಾಗ ಕೊಡಿ ಅಂದ್ರು. ಕೈಯಲ್ಲಿ ಬಂಡವಾಳ ಇಲ್ಲದ ದೇಶ, ದುಡಿದಿದ್ದು ಮತ್ತೆ ವ್ಯಾಪಾರಕ್ಕೇ ಹೋಗ್ಲಿ ಅನ್ನೋ ಆಸೆ. ನಂಗೆ ಈ ದೇಶದ ಬಗ್ಗೆ ತುಂಬಾ ಮೆಚ್ಚುಗೆ ಇರೋದೇ ಇದಕ್ಕೆ. ದೇಶ ದುಡಿದಿದ್ದು ಮರ, ಈಶಾನ್ಯದ ಆಯಿಲ್ ಶೇಲ್ (ಎಣ್ಣೆ ತೆಗೆಯೋ ಕಲ್ಲು), ಆಮೇಲೆ ಸಾಫ್ಟ್‌ವೇರಿಂದ, ಸ್ಕೈಪ್ ಪ್ರೋಗ್ರಾಂ ಬರೆದೋರು ಇಲ್ಲಿನ ಹುಡುಗ್ರೇ. 2004ರಲ್ಲಿ ಯೂರೋಪಿಯನ್ ಒಕ್ಕೂಟ, 2011ರಲ್ಲಿ ಯೂರೋ.

ಈಗ ಆ ಸೊನ್ನೆ. ಲಾಭ ಗಂಟಲ್ಲೇ ಇರೋವರೆಗೂ ಸೊನ್ನೆ, ಗಂಟು ಬಿಚ್ಚಿದ ದಿನ 22 ಪರ್ಸೆಂಟ್. ಕಂಪನೀಲಿ 10,000 ಯೂರೋ ಲಾಭ ಇದೆ, ಪೂರ್ತಿ ತೆಗೀತೀರ ಅನ್ಕೊಳ್ಳಿ, ಡಿವಿಡೆಂಡ್ (ಮಾಲೀಕರು ತಗೊಳ್ಳೋ ಲಾಭದ ಪಾಲು) 7800, ಟ್ಯಾಕ್ಸ್ 2200. ಆ 2200 ಕಂಪನಿಯೇ ಮುಂದಿನ ತಿಂಗಳು 10ನೇ ತಾರೀಕಿನೊಳಗೆ ಕಟ್ಬೇಕು, ಆಮೇಲೆ ನಿಮ್ಮ ಕೈಗೆ ಬಂದ 7800ಕ್ಕೆ ಇಲ್ಲಿ ಮತ್ತೆ ಟ್ಯಾಕ್ಸ್ ಇಲ್ಲ. ಅಂದ್ರೆ ಇದು ಮಾಫಿ ಅಲ್ಲ ಸರ್, ಮುಂದಕ್ಕೆ ಹಾಕೋದು ಅಷ್ಟೆ.

ನಿಮ್ಮ ಸಂಬಳ: 3000ದಲ್ಲಿ ನಿರುದ್ಯೋಗ ವಿಮೆಗೆ 1.6 ಪರ್ಸೆಂಟ್, ಅಂದ್ರೆ 48 ಹೋಗುತ್ತೆ. ಉಳಿದ 2952ರಲ್ಲಿ 700ಕ್ಕೆ ಟ್ಯಾಕ್ಸ್ ಇಲ್ಲ (ಇದು 2026ರಿಂದ ಸಂಬಳ ಎಷ್ಟೇ ಇದ್ರೂ ಒಂದೇ), ಮಿಕ್ಕಿದ್ದಕ್ಕೆ 22 ಪರ್ಸೆಂಟ್ ಅಂದ್ರೆ 495. ಕೈಗೆ ಸುಮಾರು 2456, ಎರಡನೇ ಹಂತದ ಪೆನ್ಷನ್‌ಗೆ (ಸಂಬಳದಿಂದ ಕಟ್ಟೋ ಪೆನ್ಷನ್ ಉಳಿತಾಯ) ಸೇರಿದ್ರೆ ಇನ್ನೂ ಸ್ವಲ್ಪ ಕಮ್ಮಿ. ಆದ್ರೆ ನಿಮ್ಮ ಸ್ಲಿಪ್ಪಲ್ಲಿ ಕಣ್ಣಿಗೆ ಬೀಳದೆ ಇರೋದು ಒಂದಿದೆ, ನಿಮ್ಮ ಕಂಪನಿ ಮೇಲಿಂದ ಸೋಷಿಯಲ್ ಟ್ಯಾಕ್ಸ್ 33 ಪರ್ಸೆಂಟ್ ಅಂದ್ರೆ 990, ಜೊತೆಗೆ ನಿರುದ್ಯೋಗ ವಿಮೆ 24 ಕಟ್ಟುತ್ತೆ, ಅವ್ರಿಗೆ ನೀವು 4014 ಯೂರೋ ಖರ್ಚು. ದೇಶ ಹೆಂಗೆ ನಡೆಯುತ್ತೆ ಅಂದ್ರಲ್ಲ, ದೊಡ್ಡ ಪಾಲು ಇಲ್ಲಿಂದ, ಮತ್ತೆ ವ್ಯಾಟಿಂದ (ಸಾಮಾನು, ಸೇವೆ ಮೇಲಿನ ಟ್ಯಾಕ್ಸ್, ನಮ್ಮ ಜಿಎಸ್‌ಟಿ ಥರ). ವ್ಯಾಟ್ 20 ಇದ್ದಿದ್ದು 2024ರಲ್ಲಿ 22 ಆಯ್ತು, 2025ರ ಜುಲೈಯಿಂದ 24. ಯುಕ್ರೇನ್ ಯುದ್ಧ ಶುರುವಾದ್ಮೇಲೆ ರಕ್ಷಣೆ ಖರ್ಚು ಏರಿದೆ, ಪಕ್ಕದಲ್ಲೇ ರಷ್ಯಾ ಇರೋ ದೇಶ, ಜನ ಅದನ್ನ ಅರ್ಥ ಮಾಡ್ಕೋತಾರೆ, ಆದ್ರೂ ದಿನಸಿ ಬಿಲ್ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಹಂಗಾದ್ರೆ ನಮ್ಮನೆಯವ್ರು ಸಂಬಳನೇ ತಗೊಳ್ದೆ ಬರೀ ಡಿವಿಡೆಂಡ್ ತಗೊಂಡ್ರೆ 33 ಉಳಿಯುತ್ತಲ್ವಾ? ಕಾರು ಕಂಪನಿ ಹೆಸರಲ್ಲೇ ತಗೊಂಡ್ರೆ?

ಉತ್ತರ: ಎಲ್ರೂ ಕೇಳೋ ಪ್ರಶ್ನೆ ಇದು. ಡಿವಿಡೆಂಡ್‌ಗೆ ಸೋಷಿಯಲ್ ಟ್ಯಾಕ್ಸ್ ಇಲ್ಲ, ನಿಜ. ಆದ್ರೆ ಆ 33ರಲ್ಲಿ 13 ಹೋಗೋದು ಆರೋಗ್ಯ ವಿಮೆಗೆ, 20 ಪೆನ್ಷನ್‌ಗೆ, ಅದನ್ನ ಕಟ್ಟದೆ ಇದ್ರೆ ಆ ಕಂಪನಿ ಕಡೆಯಿಂದ ಅವ್ರಿಗೆ ಡಾಕ್ಟರ್ ಸೌಲಭ್ಯ ಬರಲ್ಲ. ಅಲ್ದೆ ದಿನಾ ಕೂತು ಕೆಲ್ಸ ಮಾಡೋದು ಅವ್ರೇ, ಸಂಬಳ ಮಾತ್ರ ಸೊನ್ನೆ, ಡಿವಿಡೆಂಡ್ ಜೋರಾಗಿದೆ ಅಂದ್ರೆ ಟ್ಯಾಕ್ಸ್ ಬೋರ್ಡ್‌ನೋರು ಅದನ್ನ ಸಂಬಳ ಅಂತಾನೇ ಲೆಕ್ಕ ಹಾಕ್ಬಹುದು. ಮಾಡೋ ಕೆಲ್ಸಕ್ಕೆ ತಕ್ಕಷ್ಟು ಸಂಬಳ ತಗೊಂಡು, ಮಿಕ್ಕಿದ್ದು ಡಿವಿಡೆಂಡ್ ಅಂತ ಇಟ್ಕೊಳ್ಳಿ, ನಾನು ಯಾರಿಗೇ ಆದ್ರೂ ಹೇಳೋದು ಇದನ್ನೇ.

ಕಾರಿಗೆ ಇಲ್ಲಿ ಇಂಜಿನ್ ಪವರ್ ಮೇಲೆ ಲೆಕ್ಕ. ಸ್ವಂತಕ್ಕೂ ಓಡಿಸ್ತೀರ ಅಂದ್ರೆ ಕಿಲೋವ್ಯಾಟಿಗೆ ತಿಂಗಳಿಗೆ 1.96 ಯೂರೋ ಸವಲತ್ತು ಅಂತ ಹಿಡೀತಾರೆ, 100 ಕಿಲೋವ್ಯಾಟ್ ಕಾರಿಗೆ 196. ಅದರ ಮೇಲೆ ಇನ್‌ಕಮ್ ಟ್ಯಾಕ್ಸ್ 55.28 (ಡಿವಿಡೆಂಡ್ ಥರಾನೇ, 78ಕ್ಕೆ 22ರ ಲೆಕ್ಕ), ಎರಡೂ ಕೂಡಿಸಿ ಅದಕ್ಕೆ ಸೋಷಿಯಲ್ ಟ್ಯಾಕ್ಸ್ 82.92, ಒಟ್ಟು ತಿಂಗಳಿಗೆ 138 ಯೂರೋ. ಕಾರು 5 ವರ್ಷಕ್ಕಿಂತ ಹಳೇದಾದ್ರೆ ದರ 1.47. ಮನೆ ಸೋಫಾ, ಟ್ರಿಪ್ಪು ಅಂತ ಕಂಪನಿ ಕಾರ್ಡ್ ಉಜ್ಜಿದ್ರೂ ಟ್ಯಾಕ್ಸ್ ಬೀಳುತ್ತೆ, ದಯವಿಟ್ಟು ಮೊದಲ ದಿನದಿಂದ ಎರಡು ಕಾರ್ಡ್ ಬೇರೆ ಬೇರೆ ಇಟ್ಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನು ಅಲ್ಲಿಗೆ ಬರೋದೇ ಇಲ್ಲ, ಇ-ರೆಸಿಡೆನ್ಸಿ ಕಾರ್ಡ್ ತಗೊಂಡು ಕಂಪನಿ ಮಾಡಿದ್ರೆ ನಂಗೂ ಇದೇ ಟ್ಯಾಕ್ಸಾ?

ಉತ್ತರ: ಆ ಕಾರ್ಡ್ 2014ರ ಡಿಸೆಂಬರಲ್ಲಿ ಶುರುವಾಗಿದ್ದು, ಅದು ಆನ್‌ಲೈನ್ ಗುರುತು ಮತ್ತು ಸಹಿ ಮಾತ್ರ. ಅದು ವೀಸಾನೂ ಅಲ್ಲ, ನಿಮ್ಮನ್ನ ಎಸ್ಟೋನಿಯಾ ಟ್ಯಾಕ್ಸ್ ನಿವಾಸಿಯನ್ನಾಗಿನೂ ಮಾಡಲ್ಲ, ಅದಕ್ಕೆ ಇಲ್ಲೇ ಮನೆ ಇರ್ಬೇಕು, ಇಲ್ಲಾಂದ್ರೆ 12 ತಿಂಗಳಲ್ಲಿ 183 ದಿನ ಇಲ್ಲಿರ್ಬೇಕು. ನಿಮ್ಮ ಸ್ವಂತ ಆದಾಯಕ್ಕೆ ನೀವಿರೋ ದೇಶದ ಟ್ಯಾಕ್ಸು, ಕಂಪನಿನ ಅಲ್ಲೇ ಕೂತು ನಡೆಸಿದ್ರೆ ಆ ದೇಶ ಕಂಪನಿ ಲಾಭದಲ್ಲೂ ಪಾಲು ಕೇಳಬಹುದು. ಅಲ್ಲಿನ ಆಡಿಟರ್ ಹತ್ರ ಮೊದಲು ಮಾತಾಡಿ, ಆಮೇಲೆ ಕಾರ್ಡಿಗೆ ಅಪ್ಲೈ ಮಾಡಿ.

ಮೊದಲು ಕೇಳಿದ್ರಲ್ಲ ಸರ್, ನಿಮಗೆ ಇನ್ನೊಂದು ಮಾತು: ವರ್ಷದ ವ್ಯವಹಾರ 40,000 ಯೂರೋ ದಾಟಿದ್ರೆ ವ್ಯಾಟ್ ರಿಜಿಸ್ಟರ್ ಆಗ್ಬೇಕು, ರಿಟರ್ನ್ ಪ್ರತಿ ತಿಂಗಳು 20ಕ್ಕೆ. ಲೇಟಾದ್ರೆ ದಿನಕ್ಕೆ 0.06 ಪರ್ಸೆಂಟ್ ಬಡ್ಡಿ. ನಿಮ್ಮ ಸ್ವಂತ ರಿಟರ್ನ್ ಏಪ್ರಿಲ್ 30ರೊಳಗೆ, ಅದು ಮೊದಲೇ ತುಂಬಿರುತ್ತೆ, ಸರಿ ಇದ್ಯಾ ನೋಡಿ ಕ್ಲಿಕ್ ಮಾಡಿದ್ರೆ ಮುಗೀತು.